ಬುಟ್ಟಿಯ ತಳದ ಕುಂಬಳಕಾಯಿ

ಕಂಪ್ಯೂಟರು ಮೂರನೆಯ ಸಲವೂ ಅದೇ ಉತ್ತರ ಕೊಟ್ಟಿತು: ಮೈನಸ್ ಮೂರು. ನವ್ಯಶ್ರೀ ಬಿಟ್ಟ ನಿಟ್ಟುಸಿರಿಗೆ ಬೈರಾಪಟ್ಟಣದ ಹಿಪ್ಪುನೇರಳೆ ತೋಟಗಳೆಲ್ಲ ಒಮ್ಮೆ ಅಲುಗಾಡಿರಬೇಕು.

ಪಕ್ಕದಲ್ಲೇ ಕಾಲು ಚಾಚಿ ಕುಳಿತು, ಹುಳ ಗೂಡು ಕಟ್ಟುವ ಸುರುಳಿ ಸುತ್ತಿನ ಬಿದಿರಿನ ತಟ್ಟಿ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದ ಅಜ್ಜಿ ದೊಡ್ಡಲಕ್ಷ್ಮಮ್ಮ ತಲೆಯೆತ್ತಿದಳು.

"ಏನಮ್ಮಿ, ಆ ಪೆಟ್ಟಿಗೆ ಏನಾದ್ರೂ ಬೈತಾ?"

"ಸುಮ್ನಿರಜ್ಜಿ. ಈ ಗ್ಯಾಲಕ್ಸೀಲಿ ಬೆಳಕೇ ಇಲ್ಲ ಅಂತೈತೆ. ಇಲ್ಲ ಅನ್ನೋದಕ್ಕಿಂತ್ಲೂ ಮೂರು ಕಮ್ಮಿ!"

ಗ್ಯಾಲಕ್ಸಿ ಎಂದರೆ ಕೋಟಿಗಟ್ಟಲೆ ನಕ್ಷತ್ರಗಳ ಒಂದು ಊರು. ಬೆಂಗಳೂರಿನ ಕಾಲೇಜಿನ ಮೇಷ್ಟ್ರು ದೂರದರ್ಶಕದಿಂದ ತೆಗೆದ ಆಕಾಶದ ಚಿತ್ರಗಳನ್ನು ಸೀಡಿಯಲ್ಲಿ ಕೊಟ್ಟು, ಅಂಥ ನಲವತ್ತು ಊರುಗಳ ಬೆಳಕು ಅಳೆದು ತರಲು ಹೇಳಿದ್ದರು. ಹೋದ ತಿಂಗಳ ಪಟ್ಟಿ ತಪ್ಪಾಗಿ ವಾಪಸು ಬಂದಿತ್ತು. ಈ ಸಲವೂ ತಪ್ಪಿದರೆ ಕೆಲಸ ಬೇರೆಯವರಿಗೆ. ಮೇಷ್ಟ್ರ ತಂಡದಲ್ಲಿ ಅವಳಿಗೆ ಜಾಗವಿಲ್ಲ. ನಾಳೆ ಮೊದಲ ಬಸ್ಸಿಗೆ ಪಟ್ಟಿ ಹೊರಡಬೇಕು. ಐದು ಗ್ಯಾಲಕ್ಸಿಗಳ ಮುಂದೆ ಅವಳು ಆಗಲೇ ‘ಬೆಳಕಿಲ್ಲ’ ಎಂದು ಬರೆದು ಗೀಟು ಎಳೆದಿದ್ದಳು. ಇದು ಆರನೆಯದು.

ಅಜ್ಜಿ ಪರದೆಯ ಹತ್ತಿರ ತೆವಳಿ ಬಂದು ಕಣ್ಣು ಕಿರಿದು ಮಾಡಿದಳು. ಸುತ್ತಿ ಸುತ್ತಿ ಬಂದ ಒಂದು ಮಂಕು ಬೆಳಕು.

"ಅಯ್ಯೋ, ಇದು ನಮ್ ಚಂದ್ರಿಕೆ ಅಲ್ವಾ! ಯಾರಮ್ಮಿ ಎತ್ಕೊಂಡೋಗಿ ಮೇಲೆ ನೇತಾಕಿದ್ದು? ಬೆಳಕಿಲ್ದೆ ಇದ್ರೆ ನಂಗೆ ಹೆಂಗೆ ಕಾಣ್ತದೆ? ಎದುರುಗಡೆ ಬರೋ ಎಮ್ಮೆ ಕಾಣಾಕಿಲ್ಲ ನನ್ ಕಣ್ಣಿಗೆ, ಇದು ಕಾಣ್ತೈತೆ."

"ಕಾಣ್ತೈತೆ ಅಜ್ಜಿ. ಆದ್ರೆ ಬರೀ ಆಕಾಶಕ್ಕೂ ಒಸಿ ಬೆಳಕಿರ್ತದೆ. ಗ್ಯಾಲಕ್ಸಿ ಮೇಲೆ ಒಂದು ರೌಂಡು ಹಾಕಿ ಒಟ್ಟು ಬೆಳಕು ತಗೋತೀನಿ. ಅದರಾಚೆ ಬಳೆ ಥರ ಒಂದು ಉಂಗುರ ಹಾಕಿ, ಅಲ್ಲಿ ಬರೀ ಆಕಾಶದ್ದು ಎಷ್ಟೈತೆ ಅಂತ ನೋಡಿ ಕಳೀತೀನಿ."

"ಆಕಾಶಕ್ಕೆ ಬೆಳಕಿರ್ತದೆ ಅಂತ ನಂಗೇ ಹೇಳ್ಕೊಡ್ತೀಯಾ? ರಸ್ತೆಯಾಚೆ ಫ್ಯಾಕ್ಟರಿ ದೀಪ ಹತ್ತಿಸಿದಾಗಿಂದ ನಮ್ ಹುಂಜ ಒಂದೇ ರಾತ್ರಿಗೆ ನಾಕು ಸಲ ಬೆಳಗು ಮಾಡ್ತೈತೆ." ಅಜ್ಜಿ ಒಂದು ಗೂಡು ಕಿತ್ತು ಬುಟ್ಟಿಗೆ ಎಸೆದಳು. "ಅಂದ್ರೆ ಬುಟ್ಟಿ ತೂಕ ಕಳಿಯೋದು ಅನ್ನು."

"ಹೂಂ, ಅಂಗೇ."

"ಖಾಲಿ ಬುಟ್ಟಿ ಒಳಕ್ಕೆ ಬಗ್ಗಿ ನೋಡಿದ್ಯಾ?"

"ಅಂದ್ರೆ?"

ಗಂಡ ಸತ್ತು ಹದಿನೆಂಟು ವರ್ಷವಾಗಿದ್ದರೂ ಅವನನ್ನು ಆಡಿಕೊಳ್ಳುವ ಅವಕಾಶವನ್ನು ದೊಡ್ಡಲಕ್ಷ್ಮಮ್ಮ ಒಂದು ದಿನವೂ ಬಿಟ್ಟವಳಲ್ಲ.

"ನಿಮ್ ತಾತ ಬೈರಪ್ನೋರಿಗೆ ಮಾರ್ಕೆಟ್ಟಿಗೆ ಹೋಗೋಕ್ ಮುಂಚೆ ಮನೇಲೇ ತೂಗಿ ನೋಡೋ ಚಪಲ. ಸಂಜೆ ಮಬ್ಬಲ್ಲಿ ಖಾಲಿ ಬುಟ್ಟಿ ತೂಗಿದ್ರು, ಹತ್ತು ಕೇಜಿ. ಬೆಳಿಗ್ಗೆ ಅದೇ ಬುಟ್ಟಿಗೆ ಗೂಡು ತುಂಬಿ ತೂಗುದ್ರೆ ಒಟ್ಟು ಒಂಬತ್ತು! ‘ನಮ್ ಗೂಡು ಗಾಳಿಗಿಂತ ಒಂದು ಕೇಜಿ ಹಗುರ ಕಣೆ, ಹುಳಕ್ಕೆ ಏನೋ ರೋಗ ಬಂದ್ಬುಡ್ತು’ ಅಂತ ಜಗಲಿ ಮೇಲೆ ಕೂತು ಮೂರೂರಿಗೆ ಕೇಳೋ ಹಂಗೆ ಅತ್ತರು. ಅಷ್ಟೂ ಗೂಡು ತಿಪ್ಪೆಗೆ ಸುರಿಯಾಕೆ ಹೊಂಟಿದ್ರು."

"ಆಮೇಲೆ?"

"ಆಮೇಲೇನು, ಪಕ್ಕದ್ಮನೆ ಕಾವೇರಮ್ಮ ಬಂದ್ಲು. ‘ಅಣ್ಣಯ್ಯ, ನಿನ್ನೆ ನಿಮ್ ಬುಟ್ಟೀಲಿ ನನ್ ಕುಂಬಳಕಾಯಿ ಇಟ್ಟು ಗೋಣಿ ಮುಚ್ಚಿದ್ದೆ, ಬೆಳಿಗ್ಗೆ ಎತ್ಕೊಂಡೋದೆ’ ಅಂದ್ಲು. ಎಂಟು ಕೇಜಿ ಕುಂಬಳಕಾಯಿ! ಅದನ್ನೂ ಬುಟ್ಟಿ ತೂಕ ಅಂತ ಕಳೆದವ್ರೆ ಮಹರಾಯ್ರು."

ನಗಲು ಬಾಯಿ ತೆರೆದ ನವ್ಯಶ್ರೀ ತಟ್ಟನೆ ಪರದೆಯತ್ತ ತಿರುಗಿದಳು. ಗ್ಯಾಲಕ್ಸಿ ದೊಡ್ಡದಾಗಿ ಕಾಣಲೆಂದು ಅವಳು ಚಿತ್ರವನ್ನು ಎಷ್ಟು ಹಿಗ್ಗಿಸಿದ್ದಳೆಂದರೆ, ಉಂಗುರದ ಬಲ ಅಂಚು ಪರದೆಯ ಆಚೆಗೆ ಹೋಗಿತ್ತು. ಮೌಸ್ ಹಿಡಿದು ಚಿತ್ರವನ್ನು ಪಕ್ಕಕ್ಕೆ ಎಳೆದಳು. ಅಲ್ಲಿ, ಉಂಗುರದ ಮೇಲೆಯೇ, ಕೊಬ್ಬಿದ ನಕ್ಷತ್ರವೊಂದು ಬೀಗರ ಮನೆಗೆ ಊಟಕ್ಕೆ ಬಂದವರಂತೆ ಆರಾಮಾಗಿ ಕುಳಿತಿತ್ತು. ಅದರ ಬೆಳಕನ್ನೆಲ್ಲ ಬರೀ ಆಕಾಶದ್ದೆಂದು ತಿಳಿದು ಕಳೆದಿದ್ದಳು.

"ಅಜ್ಜೀ... ಕುಂಬಳಕಾಯಿ!"

"ನೋಡ್ದಾ! ಕಾವೇರಮ್ಮ ಅಲ್ಲಿಗೂ ಹೋಗವ್ಳೆ."

ನವ್ಯಶ್ರೀ ಉಂಗುರವನ್ನು ಏನೂ ಇಲ್ಲದ ಕಪ್ಪು ಜಾಗಕ್ಕೆ ಸರಿಸಿದಳು. ಪೆಟ್ಟಿಗೆ ಒಂದು ಗಳಿಗೆ ಗುರುಗುಟ್ಟಿತು. ಪ್ಲಸ್ ಎರಡು. ಚೂರೇ ಚೂರು ಬೆಳಕು, ಆದರೆ ಇತ್ತು.

"ಎಷ್ಟು ದೂರದಿಂದ ಬಂದೈತಂತೆ ಅದು?" ಅಜ್ಜಿ ಕೇಳಿದಳು.

"ಆ ಬೆಳಕು ಅಲ್ಲಿಂದ ಹೊರಟು ಎಪ್ಪತ್ತು ಕೋಟಿ ವರ್ಷ ಆಗೈತೆ ಅಜ್ಜಿ."

"ಹಂಗಾರೆ ನಂಗಿಂತ ಒಂದೆರಡು ವರ್ಷಕ್ಕೆ ದೊಡ್ಡದು. ಅಲ್ಲ ಕಣಮ್ಮಿ, ಅಷ್ಟು ದಿವ್ಸ ನಡ್ಕೊಂಡು ಬಾಗ್ಲಿಗೆ ಬಂದದ್ದನ್ನ ‘ಇಲ್ಲ’ ಅಂತ ಬರೆದು ವಾಪಸ್ ಕಳಿಸ್ತಿದ್ದಲ್ಲ ನೀನು!"

"ಇದೊಂದೇ ಅಲ್ಲಜ್ಜಿ, ಇನ್ನೂ ಐದಕ್ಕೆ ಹಂಗೇ ಬರ್ದಿದ್ದೀನಿ!" ನವ್ಯಶ್ರೀ ಪಟ್ಟಿಯಲ್ಲಿ ಮೇಲಕ್ಕೆ ಹೋಗಿ, ಗೀಟು ಎಳೆದಿದ್ದ ಮೊದಲನೆಯದರ ಚಿತ್ರ ತೆರೆದು ಮೆಲ್ಲಗೆ ಪಕ್ಕಕ್ಕೆ ಎಳೆದಳು. ಅದರ ಉಂಗುರದ ಅಂಚಿನಲ್ಲೂ ಬೆಳ್ಳಗೆ ಏನೋ ಇಣುಕಿತು.

ದೊಡ್ಡಲಕ್ಷ್ಮಮ್ಮ ಅಡುಗೆಮನೆಯತ್ತ ತಿರುಗಿ, ಒಲೆಯ ಮುಂದಿದ್ದ ಸೊಸೆಗೆ ಕೂಗಿ ಹೇಳಿದಳು:

"ವೆಂಕಟಲಕ್ಷ್ಮೀ, ಸಾರಿಗೆ ಇನ್ನೊಂದು ಚೆಂಬು ನೀರು ಬುಡು ಕಣೆ. ಎಪ್ಪತ್ತು ಕೋಟಿ ವರ್ಷ ನಡ್ಕೊಂಡು ಒಬ್ರು ಬಂದವ್ರೆ. ಇನ್ನೂ ಐದು ಜನ ದಾರೀಲವ್ರೆ!"