ಈಗ ತಾನೆ ಊಟ ಮುಗೀತು

"ಈಗ ತಾನೆ ಊಟ ಮುಗೀತು, ಸಾರ್," ಎಂದಳು ಕರಿಯಮ್ಮ, ಸೆರಗಿಗೆ ಕೈ ಒರೆಸುತ್ತ. "ಒಂದ್ ಲೋಟ ಟೀ ಹಾಕ್ಲಾ?"

ನಂಜುಂಡೇಶ ಅಡುಗೆಮನೆಯತ್ತ ಕತ್ತು ಚಾಚಿದ. ಪಾತ್ರೆಗಳೆಲ್ಲ ಕವುಚಿ ಕೂತಿದ್ದವು. ಆದರೆ ಮನೆ ತುಂಬ ಬಿಸಿಬಿಸಿ ಒಗ್ಗರಣೆಯ ಘಮ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೇ ಯಾರ ಮನೆಯಲ್ಲಪ್ಪ ಊಟ ಮುಗಿಯುತ್ತದೆ? ಹೋದ ವಾರವೂ ಇದೇ ಮಾತು. ಪಕ್ಕದ ತಂಗಮಣಿಯ ಮನೆಯಲ್ಲೂ ಇದೇ ಮಾತು. ಯಾರೋ ಮೊದಲೇ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬುದು ಅವನಿಗೆ ಖಾತ್ರಿಯಾಯಿತು.

ವಾರವೆಲ್ಲ ಊಟಿಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಂಜುಂಡೇಶ, ಭಾನುವಾರ ಮಾತ್ರ ಸಾಹಿತಿ. ಮೈಸೂರಿನ ವಾರಪತ್ರಿಕೆಯೊಂದರಲ್ಲಿ 'ರುಚಿಪುರಾಣ' ಎಂಬ ಅಂಕಣ ಬರೆಯುತ್ತಿದ್ದ. ಅದಕ್ಕೆ ಸರಕು ಅವನಿದ್ದ ಕೆತ್ತಿ ಎಂಬ ಊರಿನ ಅಕ್ಕಪಕ್ಕದ ಮನೆಗಳ ಊಟ. ಅವನ ಮನೆ ಏರಿನ ತುದಿಯಲ್ಲಿತ್ತು. ಅಂಗಳದಲ್ಲಿ ನಿಂತರೆ ಕೆಳಗಿನ ಮನೆಗಳೆಲ್ಲ ಕಾಣುತ್ತಿದ್ದವು. ಯಾರ ಹೊಗೆಗೂಡಿನಲ್ಲಿ ಹೊಗೆ ಏಳುತ್ತಿದೆ ಎಂದು ನೋಡಿಕೊಂಡು ಇಳಿಯುತ್ತಿದ್ದ.

ಉಂಡದ್ದಕ್ಕೆ ಅವನು ಎಂದೂ ಮುಲಾಜು ತೋರಿದವನಲ್ಲ. 'ಕರಿಯಮ್ಮನವರ ಸಾರಿನಲ್ಲಿ ಅವರೆಕಾಳು ಹುಡುಕಲು ಟಾರ್ಚ್ ಬೇಕು,' ಎಂದು ಬರೆದ. 'ತಂಗಮಣಿಯವರ ಮುದ್ದೆ ಎಸೆದರೆ ಕಾಡುಹಂದಿ ಓಡೀತು,' ಎಂದೂ ಬರೆದ. ಗುರುಮೂರ್ತಿಯ ಅಂಗಡಿಗೆ ಪತ್ರಿಕೆ ಬರುತ್ತಿತ್ತು. ಕನ್ನಡ ಓದಲು ಬಾರದವರಿಗೆ ಗುರುಮೂರ್ತಿಯೇ ಗಟ್ಟಿಯಾಗಿ, ರಾಗವಾಗಿ ಓದಿ ಹೇಳುತ್ತಿದ್ದ. ವಿಮರ್ಶೆ ಎಂದರೆ ನಿಷ್ಠುರವಾಗಿರಬೇಕು ಎಂದು ನಂಜುಂಡೇಶ ನಂಬಿದ್ದ.

ಈಗ ಆ ಅಂಕಣಕ್ಕೇ ಕುತ್ತು ಬಂದಿತ್ತು. ಸಂಪಾದಕರು ಫೋನಿನಲ್ಲಿ ಖಂಡಿತವಾಗಿ ಹೇಳಿದ್ದರು: "ಈ ವಾರವೂ ಹೊಸ ಬರಹ ಬರದಿದ್ದರೆ ಆ ಜಾಗಕ್ಕೆ ರಾಶಿಭವಿಷ್ಯ ಹಾಕ್ತೀವಿ." ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ಅನುಮಾನ ಹೋದದ್ದು ದಾರಿಯ ತಿರುವಿನಲ್ಲಿದ್ದ ಭೋಜನ್ ಎಂಬವನ ಮನೆಯ ನಾಯಿಯ ಮೇಲೆ. ನಂಜುಂಡೇಶ ಅಲ್ಲಿಗೆ ಬಂದ ಕೂಡಲೇ ಅದು ಬೊಗಳುತ್ತಿತ್ತು. ಮರುವಾರ ಅದಕ್ಕೆಂದು ಒಂದು ಬನ್ ಜೇಬಿಗಿಟ್ಟುಕೊಂಡು ಹೊರಟ.

ಅಂಗಳದಲ್ಲಿ ಹೆಂಡತಿ ಶಾಂತಲಾ ಹಗ್ಗದ ಮೇಲೆ ಕೆಂಪು ಕಂಬಳಿ ಹರವುತ್ತಿದ್ದಳು. ಬಿಸಿಲೆಂಬುದು ಹೆಸರಿಗೂ ಇರಲಿಲ್ಲ.

"ಮೋಡ ಕವಿದ ದಿನವೇ ಕಂಬಳಿ ಒಗೀಬೇಕಾ?"

"ಒಗೆದಿಲ್ಲ ರೀ, ಗಾಳಿಗೆ ಹಾಕ್ತಿದ್ದೀನಿ. ಇವತ್ತಾದರೂ ಊಟಕ್ಕೆ ಮನೇಲೇ ಇರಿ. ನನ್ನ ಅಡುಗೆ ಬಗ್ಗೇನೂ ಒಂದ್ಸಲ ಬರೀಬಾರದಾ?"

"ಮನೆ ಊಟದ ಬಗ್ಗೆ ಬರೆದರೆ ಯಾರೇ ಓದ್ತಾರೆ?" ಎನ್ನುತ್ತ ಇಳಿದೇಬಿಟ್ಟ.

ನಾಯಿ ಬನ್ ತಿಂದು ಬಾಲ ಅಲ್ಲಾಡಿಸಿತು, ಬೊಗಳಲಿಲ್ಲ. ನಂಜುಂಡೇಶ ಎಲೆಕೋಸಿನ ತೋಟದೊಳಗಿಂದ ನುಸುಳಿ, ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು, ತಂಗಮಣಿಯ ಹಿತ್ತಿಲ ಬಾಗಿಲಿಗೆ ಬಂದು ನಿಂತ.

"ಅಯ್ಯೋ, ಈಗ ತಾನೆ ಊಟ ಮುಗೀತು, ಸಾರ್!"

ಸೋತು, ಹಸಿದು ಮನೆಗೆ ಬಂದ. ಶಾಂತಲಾ ಬಡಿಸಿದಳು. ಮುದ್ದೆ, ಬೀಟ್ರೂಟ್ ಸೊಪ್ಪಿನ ಮಸ್ಸೊಪ್ಪು, ಮೇಲೆ ತುಪ್ಪ. ಮದುವೆಯಾದಾಗಿನಿಂದ ಪೇಪರ್ ಓದುತ್ತಲೇ ಉಂಡವನು ಅಂದು ತಟ್ಟೆ ನೋಡಿಕೊಂಡು ಉಂಡ. ಎರಡನೇ ಮುದ್ದೆ ಕೇಳಿದ. ಇಷ್ಟು ವರ್ಷ ಈ ರುಚಿಯನ್ನು ಗಮನಿಸಲೇ ಇಲ್ಲವಲ್ಲ ಎಂದು ನಾಚಿಕೆಯಾಯಿತು. ಬರಹ ಕಳಿಸುವ ಅವಸರವಿದ್ದುದರಿಂದ ನಾಚಿಕೆ ಬೇಗ ಮುಗಿಯಿತು. ಅಲ್ಲೇ ಕೂತು ಬರೆದ.

ಬರಹ ಗೆದ್ದಿತು. "ಅಕ್ಕಪಕ್ಕದ ಮನೆಗಳನ್ನ ಬಿಟ್ಟುಬಿಡಿ. ಇನ್ನು ಪ್ರತಿ ವಾರ ನಿಮ್ಮ ಮನೆಯವರ ಅಡುಗೇನೇ ಇರಲಿ," ಎಂದರು ಸಂಪಾದಕರು.

"ನೋಡಿದ್ಯಾ, ನಿನ್ನನ್ನ ಬೆಳಕಿಗೆ ತಂದವನು ನಾನು," ಎಂದ ನಂಜುಂಡೇಶ.

"ಹೌದ್ರೀ," ಎಂದಳು ಶಾಂತಲಾ.

ಮರುಭಾನುವಾರ ಅವನು ಬೀಡಾ ತರಲೆಂದು ಕೆಳಗಿಳಿದ. ತಂಗಮಣಿ ಬಾಗಿಲಲ್ಲೇ ನಿಂತಿದ್ದಳು.

"ವಾಂಗ, ಬನ್ನಿ ಸಾರ್, ಊಟ ಮಾಡ್ಕೊಂಡು ಹೋಗಿ. ಇನ್ ಮೇಲೆ ನಿಮ್ಮನೆ ಊಟ ಮಾತ್ರ ಬರೆಯೋದಂತಲ್ಲ, ನಮಗೇನು ಭಯ?"

ಒಳಗೆ ಬಿಸಿ ಅನ್ನ, ಅವರೆಕಾಳಿನ ಸಾರು ಕಾದಿದ್ದವು. ಒಂದು ಪಾತ್ರೆಯೂ ಕವುಚಿರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಅದು ಸರಿ, ತಂಗಮಣಿ. ನಾನು ಬರ್ತೀನಂತ ನಿಮಗೆಲ್ಲ ಮೊದಲೇ ಹೇಗೆ ಗೊತ್ತಾಗ್ತಿತ್ತು?"

ತಂಗಮಣಿ ಸಾರು ಬಡಿಸುತ್ತಲೇ ಕಿಟಕಿಯಾಚೆ, ಏರಿನ ತುದಿಯ ಅವನ ಮನೆಯತ್ತ ನೋಡಿ ನಕ್ಕಳು.

"ನೀವು ಇಳಿಯೋ ದಿನವೆಲ್ಲ ನಿಮ್ಮ ಮನೆಯಮ್ಮ ಅಲ್ಲಿ ಕೆಂಪು ಕಂಬಳಿ ಹಾಕ್ತಿದ್ರಲ್ಲ, ಸಾರ್. ಇವತ್ತು ಹಗ್ಗ ಖಾಲಿ ಇದೆ."