ತಪ್ಪು ಹೇಳುವ ಗಂಡ

ಕಳ್ಳರು ಕಂಡವರ ಮುಖ, ದನಿಗಳನ್ನು ಕದ್ದು ತೊಟ್ಟುಕೊಂಡು ಬರುವುದು ಶುರುವಾದ ಮೇಲೆ, ಮನೆಗೆ ಬಂದವರನ್ನು ಬಾಗಿಲಾಚೆಯೇ ನಿಲ್ಲಿಸಿ ಪ್ರಶ್ನೆ ಕೇಳುವುದು ಗದಗಿನಲ್ಲಿ ಕಾಲಿಗೆ ನೀರು ಕೊಟ್ಟಷ್ಟೇ ಸಹಜವಾಗಿತ್ತು. ಕಳ್ಳರು ಎಲ್ಲವನ್ನೂ ಓದಿಕೊಂಡು ಬಂದು ಸರಿಯಾಗಿಯೇ ಹೇಳುತ್ತಿದ್ದರು. ತಪ್ಪುತ್ತಿದ್ದವರು ಮನೆಯವರು ಮಾತ್ರ.

ಬಾಗಿಲು ಬಡಿದ ಸದ್ದಿಗೆ ನೀಲವ್ವ ಒಲೆ ಸಣ್ಣ ಮಾಡಿ ಬಂದು ದಿನದಂತೆ ಒಳಗಿನಿಂದಲೇ ಗಂಡನನ್ನು ಕೇಳಿದಳು: “ನಮ್ಮ ಮದುವಿ ಯಾವತ್ತ ಆತ್ರಿ?”

ಬಸಲಿಂಗಪ್ಪ ದಿನಕ್ಕೊಂದು ತಪ್ಪು ತಿಥಿ ಹೇಳಿ ಒಳಗೆ ಬರುತ್ತಿದ್ದ. ಇಂದು ಅದೇ ದನಿ, “ವೈಶಾಖ ಶುದ್ಧ ಪಂಚಮಿ, ಅಂದ್ರ ಇವತ್ತ,” ಎಂದಿತು.

ನೀಲವ್ವ ಅಗಳಿ ಹಾಕಿ, ಪೊಲೀಸರಿಗೆ ತಿಳಿಸಲು ಫೋನ್ ಎತ್ತಿಕೊಂಡಳು. ಹೋದ ವಾರ ಎದುರುಮನೆಯಾಕೆ ಇಂಥವನೊಬ್ಬನಿಗೆ ಊಟ ಬಡಿಸಿ ಮನೆಯನ್ನೇ ಕಳೆದುಕೊಂಡಿದ್ದಳು.

“ಏ, ನಾನ ಅದೀನಿ! ಈ ವರ್ಷರ ನೆನಪಿಡೂಣು ಅಂತ ನಿಮ್ಮ ಅಕ್ಕಗ ಕೇಳಿ ಬಂದೀನಿ.”

“ಅವರೂ ಹಿಂಗ ಅಂತಾರ.”

“ಹೂವರ ತಗೋ. ನಿನಗ ಭಾಳ ಸೇರತೈತಿ ಅಂತ ಕನಕಾಂಬರ ತಂದೀನಿ.”

ಕನಕಾಂಬರ ಸೇರುತ್ತಿದ್ದುದು ಅಕ್ಕನಿಗೆ. ವಾಸನೆಯಿಲ್ಲದ ಆ ಹೂವು ತನಗೆ ಬೇಡವೆಂದು ನೀಲವ್ವ ಮದುವೆಯಾದಂದಿನಿಂದ ಅವನಿಗೆ ಹೇಳುತ್ತಲೇ ಬಂದಿದ್ದಳು.

ಅವಳು ಫೋನ್ ಕೆಳಗಿಟ್ಟು ಬಾಗಿಲು ತೆರೆದಳು.

“ಚಲೋ ಐತಿಲ್ಲ?” ಎಂದ ಬಸಲಿಂಗಪ್ಪ, ಮಾಲೆ ಮುಂದೆ ಹಿಡಿದು.

“ಭಾಳ ಚಲೋ ಐತ್ರಿ,” ಎಂದು ಮುಡಿದುಕೊಂಡಳು. ಮದುವೆಯ ಪ್ರಶ್ನೆ ಇವತ್ತಿಗೆ ಕೆಟ್ಟುಹೋಗಿತ್ತು. ನಾಳೆಯಿಂದ ತನಗೆ ಸೇರುವ ಹೂವು ಯಾವುದೆಂದು ಕೇಳಬೇಕು. ಅದನ್ನು ಮಾತ್ರ ಅವನಿಗೆ ಇನ್ನೆಂದೂ ತಿದ್ದಿ ಹೇಳುವ ಹಾಗಿರಲಿಲ್ಲ.