ಸೋತ ಕೋಳಿ ಗೆದ್ದವನಿಗೆ

ಬಿಸಿಯಾದ ಅಡಾಪ್ಟರಿನ ವಾಸನೆ ಬಂದರೆ ಈಗಲೂ ನನಗೆ ಐವರ್ನಾಡಿನ ನಮ್ಮ ಚಾವಡಿಯೇ ನೆನಪಾಗುತ್ತದೆ.

ತನ್ನ ಅಪ್ಪ ದುಬೈಯಿಂದ ತಂದ ವಿಡಿಯೋ ಗೇಮನ್ನು ಗೆಳೆಯ ನಾಸಿರ್ ಒಂದು ಮಧ್ಯಾಹ್ನ ನಮ್ಮ ಟಿವಿಗೆ ಸಿಕ್ಕಿಸಿದ್ದ. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟ. ಕಂಟ್ರೋಲರಿನ ಗುಂಡಿಗಳಿಗೆಲ್ಲ ನಮ್ಮ ಕೈಯ ಹಪ್ಪಳದ ಎಣ್ಣೆ. ತಲೆಗೆ ಕೆಂಪು ಪಟ್ಟಿ ಕಟ್ಟಿದವ ನನ್ನವ. ಬೇರೆಯವರನ್ನು ನಾನು ಮುಟ್ಟುತ್ತಲೇ ಇರಲಿಲ್ಲ. ಹಿಂದೆ ಕೂತಿದ್ದ ಅಜ್ಜ ಕೋಳಿ ಅಂಕದಲ್ಲಿ ಪಳಗಿದವರು; ಕೋಳಿ ಕಾಳಗದ ಆ ಕಣದಲ್ಲಿ ಸೋತ ಕೋಳಿಯನ್ನು ಗೆದ್ದ ಕೋಳಿಯವನೇ ಮನೆಗೆ ಒಯ್ಯುವುದು. ನಾನು ಸೋತದ್ದೇ ತೊಡೆ ತಟ್ಟಿ ತೀರ್ಪು ಕೊಟ್ಟರು: "ಸೋತ ಕೋಳಿ ಗೆದ್ದವನಿಗೆ! ಕೆಂಪು ಪಟ್ಟಿ ಇನ್ನು ನಾಸಿರನದ್ದು."

"ಅದು ಕೋಳಿ ಅಲ್ಲ ಅಜ್ಜ, ಚಿತ್ರ. ಚಿತ್ರವನ್ನು ಕೊಂಡುಹೋಗುದು ಹೇಗೆ?"

"ಬರೀ ಚಿತ್ರ ಆದ್ರೆ ನಿನ್ನ ಕಣ್ಣಲ್ಲಿ ನೀರು ಎಂತಕ್ಕೆ ಮಾರಾಯ?"

ನಾನು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡೆ. ಮುಂದಿನ ಆಟಕ್ಕೆ ನಾಸಿರ್ ಕೆಂಪು ಪಟ್ಟಿಯವನನ್ನೇ ಆರಿಸಿ, ಕಂಟ್ರೋಲರನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತ. ನಾನು ಹೊಡೆದೆ, ಕೆಂಪು ಪಟ್ಟಿ ಬಿದ್ದ.

"ಗೆದ್ದಿಯಲ್ಲ, ತಗೋ ನಿನ್ನ ಕೋಳಿ" ಎಂದು ನಾಸಿರ್ ನಕ್ಕ.

ನಾನು ಬಿಡಲಿಲ್ಲ. "ಬೇಕಂತ ಸೋತದ್ದು ಸೋಲಲ್ಲ. ನಿಂದು ಸೋಲಲ್ಲದಿದ್ರೆ ನಂದು ಗೆಲುವೂ ಅಲ್ಲ. ನಿನ್ನ ದಾನ ನನಗೆ ಬೇಡ."

"ಇವ ಹೇಳುದು ಸರಿ ಉಂಟು" ಎಂದು ಅಜ್ಜನೇ ಒಪ್ಪಿದರು. ವಾದ ನಾನು ಗೆದ್ದಿದ್ದೆ.

ನಾಸಿರನ ನಗು ನಿಂತಿತು. ಇನ್ನೂ ಬಿಸಿಯಿದ್ದ ಅಡಾಪ್ಟರಿಗೆ ವಯರು ಸುತ್ತಿ, ಎಲ್ಲವನ್ನೂ ಚೀಲಕ್ಕೆ ತುಂಬಿ, ಅವನು ಮೆಟ್ಟಿಲಿಳಿದ.

"ಹೋಗ್ತೇನೆ ಅಜ್ಜ" ಎಂದ, ಅಜ್ಜನಿಗೆ ಮಾತ್ರ.